ಪೆನ್ಸಿಲ್ ಕಡ್ಡಿಯೂ ತೈಲದ ಶಿಲೆಯೂ

1859ನೇ ಇಸವಿಯನ್ನು ನೆನಪಿಡಿ. ಆ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಸುಮಾರು 69 ಅಡಿ ಆಳದಲ್ಲಿ ತೈಲ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿ, ನಿಮ್ಮ ಪೆನ್ಸಿಲಿನಲ್ಲಿರುವ ಗ್ರಾಫೈಟಿನಿಂದ ಗ್ರಾಫೈಟ್ ಆಕ್ಸೈಡ್ ತಯಾರಿಸಿದ ವಿವರ ಪ್ರಕಟಿಸಿದ. ಇವೆರಡಕ್ಕೂ ಮುಂದೆ ನಂಟು ಬೆಳೆಯಿತು.

1934ರಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ತೈಲದಲ್ಲಿ ಪತ್ರಹರಿತ್ತಿನ ವಂಶದ ಅಣುಗಳನ್ನು ಕಂಡ. ಅವುಗಳ ನಡುವೆ ವೆನೇಡಿಯಂ ಲೋಹ ಕುಳಿತಿತ್ತು! ತೈಲ ಜೀವಿಗಳಿಂದ ಹುಟ್ಟಿತೆಂಬುದಕ್ಕೆ ಬಲವಾದ ಸಾಕ್ಷ್ಯ ಅದು. ಹೀಗಾಗಿ ತೈಲಶಿಲೆಯ ಅತ್ಯಲ್ಪ ಲೋಹಗಳಿಗೆ ಬೆಲೆ ಬಂತು. ಆದರೆ ಶಿಲೆಯನ್ನು ಆಮ್ಲದಲ್ಲಿ ಕರಗಿಸಿದಾಗ ಅವು ಸೋಡಿಯಂ ಮುಂತಾದವುಗಳ ಜಾತ್ರೆಯಲ್ಲಿ ಕಳೆದುಹೋಗುತ್ತವೆ.

ಬ್ರೋಡಿಯ ವಸ್ತುವನ್ನು ಪದರ ಪದರವಾಗಿ ಬಿಡಿಸಿದರೆ ಗ್ರಾಫೀನ್ ಆಕ್ಸೈಡ್. ದ್ರಾವಣದ ಆಮ್ಲೀಯತೆ ತಗ್ಗಿಸಿದರೆ ಅದರ ಆಮ್ಲಜನಕದ ಗುಂಪುಗಳು ನಿಕ್ಕಲ್, ತಾಮ್ರದಂಥ ಲೋಹಗಳನ್ನು ಹಿಡಿದಿಡುತ್ತವೆ. ಮತ್ತೆ ಆಮ್ಲ ಹಾಕಿದರೆ, ಅಳತೆಗೆಂದು ಬಿಟ್ಟುಕೊಡುತ್ತವೆ.