ಮೊರಾವೆಕ್‌ನ ವಿರೋಧಾಭಾಸ

ಮೊರಾವೆಕ್‌ನ ವಿರೋಧಾಭಾಸ ಎಂಬುದು ಕೃತಕ ಬುದ್ಧಿಮತ್ತೆ ಹಾಗೂ ರೋಬಾಟಿಕ್ಸ್ ಕ್ಷೇತ್ರಗಳಲ್ಲಿ ಬಳಕೆಯಲ್ಲಿರುವ ಒಂದು ಪರಿಕಲ್ಪನೆ. ಮನುಷ್ಯರಿಗೆ ಕಠಿಣವೆನಿಸುವ ಗಣಿತ, ತರ್ಕ, ಚದುರಂಗ ಮೊದಲಾದವು ಯಂತ್ರಗಳಿಗೆ ಸುಲಭ. ಚಿಕ್ಕ ಮಗುವೂ ಸಲೀಸಾಗಿ ಮಾಡುವ ನಡೆಯುವುದು, ವಸ್ತುವನ್ನು ಗುರುತಿಸಿ ಎತ್ತಿಕೊಳ್ಳುವುದು ಮೊದಲಾದವು ಅವುಗಳಿಗೆ ಕಷ್ಟ ಎಂಬುದು ಇದರ ಸಾರ. ಯಾಂತ್ರೀಕರಣದ ನಡುವೆಯೂ ಬೆಲೆ ಉಳಿಸಿಕೊಳ್ಳುವ ಮಾನವ ಕೌಶಲಗಳು ಯಾವುವು ಎಂಬ ಚರ್ಚೆಯಲ್ಲಿ ಇದನ್ನು ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ಆಸ್ಟ್ರಿಯಾದಲ್ಲಿ ಜನಿಸಿದ ಹ್ಯಾನ್ಸ್ ಮೊರಾವೆಕ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಯಾಮೆರಾ ಅಳವಡಿಸಿದ ಗಾಡಿಯೊಂದರ ಮೇಲೆ ಸಂಶೋಧನೆ ನಡೆಸಿದರು. 1979ರಲ್ಲಿ ಆ ಗಾಡಿಯು ಕುರ್ಚಿಗಳಿಂದ ತುಂಬಿದ ಕೋಣೆಯನ್ನು ಮಾನವ ನೆರವಿಲ್ಲದೆ ದಾಟಲು ಸುಮಾರು 5 ಗಂಟೆ ತೆಗೆದುಕೊಂಡಿತು. ಈ ವಿಚಾರವನ್ನು ಅವರು 1988ರಲ್ಲಿ ಪ್ರಕಟವಾದ ‘ಮೈಂಡ್ ಚಿಲ್ಡ್ರನ್’ ಕೃತಿಯಲ್ಲಿ ಮಂಡಿಸಿದರು. ರಾಡ್ನಿ ಬ್ರೂಕ್ಸ್ ಮತ್ತು ಮಾರ್ವಿನ್ ಮಿನ್ಸ್ಕಿ ಅವರೂ 1980ರ ದಶಕದಲ್ಲಿ ಇಂತಹುದೇ ಅಭಿಪ್ರಾಯ ವ್ಯಕ್ತಪಡಿಸಿದ್ದರು.

ಕಾರಣ

ಮೊರಾವೆಕ್ ಅವರು ಇದಕ್ಕೆ ಜೀವವಿಕಾಸದ ವಿವರಣೆ ನೀಡಿದರು. ನೋಟ ಮತ್ತು ಚಲನೆಯ ಸಾಮರ್ಥ್ಯಗಳು ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡಿರುವುದರಿಂದ ಅವುಗಳ ಹಿಂದಿನ ಶ್ರಮ ನಮ್ಮ ಅರಿವಿಗೆ ಬರುವುದಿಲ್ಲ. ಅಮೂರ್ತ ಚಿಂತನೆಯಾದರೋ ಇತ್ತೀಚಿನದು. ಆದ್ದರಿಂದಲೇ ಅದು ನಮಗೆ ಕಠಿಣ.

ಉದಾಹರಣೆಗಳು

1997ರಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಗಣಕವು ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಆದರೆ ಅದರ ಪರವಾಗಿ ಕಾಯಿಗಳನ್ನು ನಡೆಸಿದವರು ಮನುಷ್ಯರೇ. 2016ರಲ್ಲಿ ಆಲ್ಫಾಗೋ ತಂತ್ರಾಂಶವು ಗೋ ಆಟದಲ್ಲಿ ಲೀ ಸೆಡಾಲ್ ಅವರನ್ನು 4–1ರಿಂದ ಮಣಿಸಿದಾಗಲೂ ಹಲಗೆಯ ಮೇಲೆ ಅದರ ಕಲ್ಲುಗಳನ್ನಿಟ್ಟವರು ತಂಡದ ಸದಸ್ಯರಾದ ಆಜಾ ಹ್ವಾಂಗ್.

ಉದ್ಯೋಗಗಳ ಮೇಲಿನ ಅನ್ವಯ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬಾರ್ನ್ ಅವರು 2013ರಲ್ಲಿ 702 ವೃತ್ತಿಗಳನ್ನು ವಿಶ್ಲೇಷಿಸಿ, ಯಾಂತ್ರೀಕರಣಕ್ಕೆ ಮೂರು ಅಡ್ಡಿಗಳನ್ನು ಗುರುತಿಸಿದರು: ಗ್ರಹಿಕೆ ಮತ್ತು ಕೈಚಳಕ, ಸೃಜನಶೀಲತೆ, ಸಾಮಾಜಿಕ ಜಾಣ್ಮೆ. ಹಳೆಯ ಮನೆಯ ಗೋಡೆಯೊಳಗಿನ ಸೋರಿಕೆಯನ್ನು ಹುಡುಕುವ ಕೊಳಾಯಿ ಕೆಲಸಗಾರ, ರೋಗಿಯನ್ನು ನೋವಾಗದಂತೆ ಮಗ್ಗುಲು ಬದಲಿಸುವ ದಾದಿ, ಅಳುವ ಮಗುವನ್ನು ಸಂತೈಸುವ ಶಿಶುವಿಹಾರದ ಶಿಕ್ಷಕಿ ಇವರ ಕೆಲಸಗಳಲ್ಲಿ ಮೊದಲ ಮತ್ತು ಕೊನೆಯ ಗುಣಗಳು ಕೂಡಿರುತ್ತವೆ.

ಮಿತಿಗಳು

ಈ ವಿರೋಧಾಭಾಸವು ಸ್ಥಿರ ನಿಯಮವಲ್ಲ. 2012ರ ನಂತರ ಚಿತ್ರ ಗುರುತಿಸುವಿಕೆಯಲ್ಲಿ ಯಂತ್ರಗಳು ಗಣನೀಯವಾಗಿ ಸುಧಾರಿಸಿವೆ. ಅಮೆರಿಕದ ಕೆಲವು ನಗರಗಳಲ್ಲಿ ಚಾಲಕರಹಿತ ಟ್ಯಾಕ್ಸಿಗಳು ಸಂಚರಿಸುತ್ತಿವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಬಳಿಕ ಬರವಣಿಗೆಯಂತಹ ಸೃಜನಶೀಲ ಕೆಲಸಗಳೂ ಯಂತ್ರದ ವ್ಯಾಪ್ತಿಗೆ ಬಂದಿವೆ. ಭವಿಷ್ಯವಾಣಿಗಳೂ ತಪ್ಪಿವೆ: ಐದು ವರ್ಷಗಳಲ್ಲಿ ಯಂತ್ರಗಳು ವಿಕಿರಣತಜ್ಞರನ್ನು ಮೀರಿಸುವುದರಿಂದ ಅವರ ತರಬೇತಿಯನ್ನು ನಿಲ್ಲಿಸಬೇಕೆಂದು ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು; ಆ ವೃತ್ತಿಗೆ ಇಂದಿಗೂ ಬೇಡಿಕೆಯಿದೆ.

ಯಂತ್ರಕ್ಕೆ ಕಷ್ಟವಾದ ಕೆಲಸಕ್ಕೆ ಹೆಚ್ಚಿನ ವೇತನ ದೊರೆಯುತ್ತದೆಂದೂ ಇಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಅವರ ಪ್ರಕಾರ, ಶುಚಿಗೊಳಿಸುವಿಕೆ, ಆರೈಕೆ ಮೊದಲಾದ ಕೆಲಸಗಳನ್ನು ಹೆಚ್ಚಿನ ತರಬೇತಿಯಿಲ್ಲದೆ ಬಹಳಷ್ಟು ಜನರು ಮಾಡಬಲ್ಲರಾದ್ದರಿಂದ, ಅವು ಉಳಿದರೂ ಅವುಗಳ ಕೂಲಿ ಏರುವುದು ಕಷ್ಟ.