ಗೆಳೆಯರ ಜೊತೆ ಹರಿಗೋಲು ಹತ್ತುವ ಮುನ್ನ: ಐದು ತಪ್ಪು ನಂಬಿಕೆಗಳು, ನಿಜವಾದ ಸಂಗತಿಗಳು

ಮಳೆಗಾಲ ಮುಗಿದು ಕೃಷ್ಣಾ, ಭೀಮಾ ನದಿಗಳು ತಿಳಿಯಾದರೆ ಸಾಕು, ಗುರುಮಠಕಲ್, ಯಾದಗಿರಿ, ಸುರಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ 'ಐತವಾರ ಹೊಳಿಗೆ ಹೋಗೂಣೇನು?' ಎಂಬ ಮೆಸೇಜ್ ಬರುತ್ತದೆ. ಎಲ್ಲರೂ ಹಣ ಹಾಕಿ ಸ್ವಂತ ಹರಿಗೋಲು ಮಾಡಿಸೋಣ ಎಂಬ ಮಾತೂ ಬರುತ್ತದೆ. ಜೊತೆಗೇ ಕೆಲವು ತಪ್ಪು ತಿಳಿವಳಿಕೆಗಳೂ ಹರಿದಾಡುತ್ತವೆ. ಅವುಗಳಲ್ಲಿ ಐದನ್ನು ಇಲ್ಲಿ ನೋಡೋಣ.

ನಂಬಿಕೆ 1: ಅಂಚು ನೀರಿನ ಮೇಲಿದ್ದರೆ ಇನ್ನೂ ಇಬ್ಬರು ಹತ್ತಬಹುದು

ತಪ್ಪು. ಒಂದು ಸರಳ ಲೆಕ್ಕ ನೋಡಿ. ತಳ 2 ಮೀಟರ್ ಅಗಲವಿರುವ ದುಂಡನೆಯ ಹರಿಗೋಲು 1 ಸೆಂ.ಮೀ. ಕೆಳಗಿಳಿಯಲು ಸುಮಾರು 31 ಕೆ.ಜಿ. ಭಾರ ಸಾಕು. ತಲಾ 60 ಕೆ.ಜಿ.ಯ 10 ಜನ ಕೂತರೆ ಅದು 19 ಸೆಂ.ಮೀ.ನಷ್ಟು ಇಳಿಯುತ್ತದೆ. ಅಂಚು ಇನ್ನೂ ಮೇಲೆಯೇ ಕಾಣುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ಹರಿಗೋಲು ಅಪಾಯಕ್ಕೆ ಸಿಲುಕುವುದು ಹೆಚ್ಚಾಗಿ ನೇರ ಮುಳುಗಿ ಅಲ್ಲ, ವಾಲಿ. ಸೆಲ್ಫಿಗಾಗಿ ನಾಲ್ವರು ಒಂದೇ ಕಡೆ ಎದ್ದು ನಿಂತರೆ ಆ ಬದಿಯ ಅಂಚು ಕ್ಷಣದಲ್ಲಿ ನೀರಿಗಿಳಿಯುತ್ತದೆ. 2020ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕುರ್ವಕಲಾ ನಡುಗಡ್ಡೆಯ ಬಳಿ ತುಂಬಿ ಹರಿಯುತ್ತಿದ್ದ ಕೃಷ್ಣೆಯಲ್ಲಿ 13 ಜನರಿದ್ದ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದರು.

ಏನು ಮಾಡಬೇಕು? ಎಷ್ಟು ಜನ ಎಂಬುದನ್ನು ಹುಟ್ಟು ಹಾಕುವವರೇ ನಿರ್ಧರಿಸಲಿ. ತಳದಲ್ಲಿ ಕೂತುಕೊಳ್ಳಿ, ಏಳಬೇಡಿ.

ನಂಬಿಕೆ 2: ತಳದಲ್ಲಿ ಒಂದಿಷ್ಟು ನೀರಿದ್ದರೆ ತೊಂದರೆಯಿಲ್ಲ

ತಪ್ಪು. ಒಳಗಿನ ನೀರು ಸುಮ್ಮನೆ ಕೂರುವುದಿಲ್ಲ. ದೋಣಿ ವಾಲಿದ ಕಡೆಗೇ ಅದೂ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ.

ಹರಿಗೋಲು ಎಂದರೆ ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಡಾಂಬರು ಬಿಸಿಲಿಗೆ ಬಿರುಕು ಬಿಡುತ್ತದೆ, ಕಲ್ಲಿನ ಮೇಲೆ ಎಳೆದರೆ ಹಾಳೆ ಹರಿಯುತ್ತದೆ, ಒದ್ದೆಯಲ್ಲೇ ಬಿಟ್ಟರೆ ಬಿದಿರು ಕೊಳೆಯುತ್ತದೆ. ಸ್ವಂತದ್ದು ಮಾಡಿಸಿದವರು ಬಳಸಿದ ಮೇಲೆ ನೆರಳಿನಲ್ಲಿ ಬೋರಲು ಹಾಕಿ ಒಣಗಿಸಬೇಕು, ಎಳೆಯದೆ ಎತ್ತಿ ಒಯ್ಯಬೇಕು, ಬಿರುಕು ಕಂಡಲ್ಲಿ ಮತ್ತೆ ಡಾಂಬರು ಬಳಿಯಬೇಕು. ಪ್ರತಿ ಸಲ ಮೊದಲು ಮೊಣಕಾಲುದ್ದ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಸೋರುತ್ತದೆಯೇ ನೋಡಿ. ನೀರು ಮೊಗೆಯಲು ಒಂದು ಡಬ್ಬಿ, ಇನ್ನೊಂದು ಹುಟ್ಟು, ಉದ್ದನೆಯ ಹಗ್ಗ ಜೊತೆಗಿರಲಿ.

ನಂಬಿಕೆ 3: ಈಜು ಬಂದವರಿಗೆ ಲೈಫ್ ಜಾಕೆಟ್ ಬೇಡ

ತಪ್ಪು. ಬಟ್ಟೆ ತೊಟ್ಟು ದಿಢೀರನೆ ನೀರಿಗೆ ಬಿದ್ದವರು ಗಾಬರಿಯಲ್ಲಿ ನೀರು ಕುಡಿಯುತ್ತಾರೆ. ಮುಳುಗುತ್ತಿರುವವರು ಅವರನ್ನೇ ಹಿಡಿದು ಜಗ್ಗುತ್ತಾರೆ.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2014ರಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಮೈಗೆ ಕಟ್ಟಿಕೊಂಡಿದ್ದು ಒಣಗಿದ ಸೋರೆಬುರುಡೆಗಳನ್ನು. ಹೊಳೆಯ ದಂಡೆಯಲ್ಲೇ ಬೆಳೆದವರೂ ತೇಲುವ ಆಸರೆಯಿಲ್ಲದೆ ಇಳಿಯಲಿಲ್ಲ. ಲೈಫ್ ಜಾಕೆಟ್ ಮಾಡುವುದೂ ಬುರುಡೆಯ ಕೆಲಸವನ್ನೇ. 100 ನ್ಯೂಟನ್ ಎಂದು ಬರೆದಿರುವ ಜಾಕೆಟ್ ಸುಮಾರು 10 ಕೆ.ಜಿ.ಯಷ್ಟು ಎತ್ತುವ ಬಲ ಕೊಡುತ್ತದೆ. ನೀರಿನಲ್ಲಿ ದೇಹ ತಾನೇ ಬಹುಪಾಲು ತೇಲುವುದರಿಂದ ಬಾಯಿ, ಮೂಗು ಮೇಲಿಡಲು ಅಷ್ಟು ಸಾಕು. ಆದರೆ ಜಾಕೆಟ್ ಮೈಮೇಲಿರಬೇಕು, ಬಕಲ್ ಹಾಕಿರಬೇಕು. ಹರಿಗೋಲಿನ ಮೂಲೆಯಲ್ಲಿ ಬಿದ್ದಿದ್ದರೆ ಮಗುಚಿದಾಗ ಕೈಗೆ ಸಿಗುವುದಿಲ್ಲ.

ನಂಬಿಕೆ 4: ನಮ್ಮೂರಲ್ಲಿ ಮಳೆಯಿಲ್ಲ, ಹಾಗಾಗಿ ಹೊಳೆ ಶಾಂತವಾಗಿರುತ್ತದೆ

ತಪ್ಪು. ಕೃಷ್ಣಾ, ಭೀಮಾ ಎರಡಕ್ಕೂ ನೀರು ಬರುವುದು ಮಹಾರಾಷ್ಟ್ರದ ಘಟ್ಟಗಳಿಂದ. ಅಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಡುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್! ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹೊರಡುವ ಮುನ್ನ ನೀರು ಬಿಡುವ ಸೂಚನೆ ಇದೆಯೇ ವಿಚಾರಿಸಿ. ಬ್ಯಾರೇಜಿನ ಹತ್ತಿರ ಹೋಗಲೇಬೇಡಿ. ಅದರ ಕೆಳಗೆ ನೀರು ಸುತ್ತಿ ಸುತ್ತಿ ಒಳಕ್ಕೆ ಎಳೆಯುತ್ತದೆ.

ನಂಬಿಕೆ 5: ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ

ಪೂರ್ತಿ ಸುಳ್ಳು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ನೀರಿಗೆ ಬಿದ್ದು ತೀರಿಕೊಂಡ ಬಾಲಕನ ದೇಹವನ್ನು ಮನೆಯವರು ಇಂಥದೇ ಮೆಸೇಜ್ ನಂಬಿ ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದರು. ಆ ಹೆತ್ತವರನ್ನು ದೂರಿ ಫಲವಿಲ್ಲ. ತಪ್ಪು ಆ ಮೆಸೇಜಿನದು, ಯೋಚಿಸದೆ ಅದನ್ನು ಕಳಿಸಿದವರದು.

ಆಮ್ಲಜನಕ ಸಿಗದಿದ್ದರೆ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಪೆಟ್ಟಾಗತೊಡಗುತ್ತದೆ. ದೇಹಕ್ಕೆ ಬೇಕಾದದ್ದು ಉಪ್ಪಲ್ಲ, ಉಸಿರು. ಉಸಿರಾಟ ನಿಂತಿದ್ದರೆ 108 ಅಥವಾ 112ಕ್ಕೆ ಒಬ್ಬರು ಕರೆ ಮಾಡಲಿ. ಇನ್ನೊಬ್ಬರು ಕೂಡಲೇ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಂದ ಬಾಯಿಗೆ ಐದು ಸಲ ಉಸಿರು ಕೊಡಲಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಒತ್ತಿಗೆ ಎರಡು ಉಸಿರು. ಹೊಟ್ಟೆ ಅದುಮುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ.

ಹೊಳೆಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಜಾಕೆಟ್ ಹಾಕಿ, ಜನ ಎಣಿಸಿ, ನೀರಿನ ಸುದ್ದಿ ಕೇಳಿ ಹೋಗಿ. ಉಪ್ಪಿನ ಮೆಸೇಜ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದರ ಕೆಳಗೇ ಇದನ್ನು ಹಾಕಿ.