ದನದ ಜೊತೆ ಬಾರದ ಲೆಕ್ಕ

ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯ ದನದ ಸಂತೆ ಮಂಗಳವಾರ ಮತ್ತು ಗುರುವಾರ ನೆರೆಯುತ್ತದೆ. ಸುತ್ತಲಿನ ಜಿಲ್ಲೆಗಳಿಂದಷ್ಟೇ ಅಲ್ಲ, ಕರ್ನಾಟಕ, ಆಂಧ್ರಗಳಿಂದಲೂ ಬರುವ ರಾಸುಗಳು ಇಲ್ಲಿ ಕೈ ಬದಲಿಸಿ, ಬಹುಪಾಲು ಪಾಲಕ್ಕಾಡ್ ಕಣಿವೆಯ ದಾರಿ ಹಿಡಿದು ಕೇರಳಕ್ಕೆ ಹೋಗುತ್ತವೆ. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಕೆಚ್ಚಲು ಮುಟ್ಟುತ್ತಾನೆ, ಟವೆಲ್ಲಿನ ಅಡಿಯಲ್ಲಿ ದಲ್ಲಾಳಿಯ ಬೆರಳು ಹಿಡಿದು ದರ ಕುದುರಿಸುತ್ತಾನೆ. ಹೋದ ವಾರ ಈ ಹಸುವಿಗೆ ಯಾವ ಇಂಜೆಕ್ಷನ್ ಕೊಟ್ಟಿರಿ ಎಂಬ ಪ್ರಶ್ನೆ ಈ ವ್ಯಾಪಾರದ ರೂಢಿಯೊಳಗೆ ಇಲ್ಲ. ದನಕರುಗಳ ಔಷಧವನ್ನು ಹೊಣೆಯರಿತು ಬಳಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ನಾವು ರೈತನ ತಿಳಿವಳಿಕೆಯನ್ನೋ ಔಷಧದಂಗಡಿಯ ಆಸೆಯನ್ನೋ ದೂರಿ ಸುಮ್ಮನಾಗುತ್ತೇವೆ. ಈ ಸೀಮೆಯ ಹಿಂದಿನದನ್ನು ನೋಡಿದರೆ ದೋಷ ಇನ್ನೊಂದು ಕಡೆ ಕಾಣುತ್ತದೆ. ದನ ನಡೆಯುವ ದಾರಿಯಲ್ಲೇ ಔಷಧದ ಲೆಕ್ಕವೂ ನಡೆದಿದ್ದ ಕಾಲದಲ್ಲಿ ಔಷಧ ಗೆದ್ದಿತು. ದನ ಮುಂದೆ ಹೋಗಿ ಲೆಕ್ಕ ಹಟ್ಟಿಯಲ್ಲೇ ಉಳಿದಾಗ ಸೋತಿತು.

ದಾರಿ ಬಹಳ ಹಳೆಯದು. ಆಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳ ಮಡಕೆಯೊಂದು ಪೊಳ್ಳಾಚಿಯಲ್ಲಿ ಸಿಕ್ಕಿದ್ದನ್ನು 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಅದರ ಹಿಂದಿನ ವರ್ಷದವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಗಿ, ಫಿರಂಗಿ ಎಳೆಯುವ ಎತ್ತುಗಳನ್ನು ಸಾಕುತ್ತಿತ್ತು. ಇತ್ತ ಕಾಂಗೇಯಂ, ಧಾರಾಪುರಗಳ ಒಣಭೂಮಿಯಲ್ಲಿ, ಬೇಲಿ ಹಾಕಿದ ಹುಲ್ಲುಗಾವಲುಗಳಲ್ಲಿ, ಕಪಿಲೆ ಎಳೆಯಲು ಹೇಳಿ ಮಾಡಿಸಿದಂಥ ಕಾಂಗೇಯಂ ತಳಿ ಬೆಳೆಯಿತು. ಪಳೈಯಕೋಟ್ಟೈಯ ಪಟ್ಟಗಾರರ ಮನೆತನ ಅದನ್ನು ಆಯ್ದು ಬೆಳೆಸಿದ್ದು ತಳಿಶಾಸ್ತ್ರದ ಪುಸ್ತಕಗಳಿಗೂ ಸೇರಿದೆ. ಆಗ ಔಷಧವೆಂದರೆ ಗೊಟ್ಟದಲ್ಲಿ ಕುಡಿಸುವ ಕಷಾಯ, ಬಾವಿಗೆ ಹಚ್ಚುವ ಲೇಪ, ಕೊನೆಗೆ ಕಾದ ಕಬ್ಬಿಣದ ಬರೆ. ಇವುಗಳಲ್ಲಿ ಕೆಲವು ಗುಣ ಮಾಡಿದವು, ಕೆಲವು ಬರೀ ಹಿಂಸೆ. ಆದರೆ ತಪ್ಪಿನ ನಷ್ಟ ಅದೇ ಹಟ್ಟಿಯ ಅದೇ ದನಕ್ಕೆ. ಹಾಲು ಕುಡಿದವನಿಗೂ ಸತ್ತ ಮೇಲೆ ತಿಂದ ಹದ್ದಿಗೂ ಅದು ದಾಟುತ್ತಿದ್ದದ್ದು ಕಡಿಮೆ.

ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದಾಗ ಈ ಔಷಧಗಳು ಯಾವುದಕ್ಕೂ ಸಾಲಲಿಲ್ಲ. ಅದು ಸಂತೆಯ ರೋಗ, ದಾರಿಯ ರೋಗ. ಮದ್ರಾಸ್ ಸರ್ಕಾರ 1866ರಲ್ಲೇ ಜಾನುವಾರು ರೋಗಗಳ ಕಾಯ್ದೆ ತಂದಿತು. 1871ರಲ್ಲಿ ಭಾರತದ ಜಾನುವಾರು ಪಿಡುಗಿನ ಆಯೋಗ ವರದಿ ಕೊಟ್ಟಿತು. ಪುಣೆಯಲ್ಲಿ ಹುಟ್ಟಿ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯ, 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಮೈಸೂರು ಸೀರಮ್ ಸಂಸ್ಥೆ, 1932ರ ರಾಣಿಪೇಟೆಯ ಸಂಸ್ಥೆ, ಇವೆಲ್ಲ ಮುಖ್ಯವಾಗಿ ಈ ಒಂದು ರೋಗದ ಸಲುವಾಗಿ. ಸೀರಮ್ಮಿನ ರಕ್ಷಣೆ ಕೆಲವೇ ವಾರಗಳದ್ದು, ಮುಂದೆ ಬಂದ ಲಸಿಕೆಯದು ದೀರ್ಘಕಾಲದ್ದು. ನನ್ನ ಕಣ್ಣಿಗೆ ಹೆಚ್ಚು ದೊಡ್ಡದಾಗಿ ಕಾಣುವುದು ಔಷಧದ ಗುಣಕ್ಕಿಂತ ಅದನ್ನು ಹಂಚಿದ ಬಗೆ. 1954ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆ ಹಳ್ಳಿಗಳಲ್ಲಿ ಸೂಜಿ ಹಾಕಿದ್ದಲ್ಲದೆ ಗಡಿಗಳಲ್ಲಿ ತಪಾಸಣಾ ಠಾಣೆ ಇಟ್ಟು, ಹಾದುಹೋಗುವ ಹಿಂಡನ್ನು ತಡೆದು ಲಸಿಕೆ ಹಾಕಿ ಬಿಟ್ಟಿತು. ಕೊನೆಯ ಘಟ್ಟದಲ್ಲಿ ಲಸಿಕೆಯನ್ನೇ ಹಂತಹಂತವಾಗಿ ನಿಲ್ಲಿಸಲಾಯಿತು, ರೋಗ ಎಲ್ಲಾದರೂ ಅಡಗಿದ್ದರೆ ಹೊರಬರಲಿ ಎಂದು. ಭಾರತದ ಕೊನೆಯ ಪ್ರಕರಣ 1995ರದು. 2006ರಲ್ಲಿ ದೇಶಕ್ಕೆ, 2011ರಲ್ಲಿ ಜಗತ್ತಿಗೆ ಮುಕ್ತಿ ಘೋಷಣೆಯಾಯಿತು. ಕೈಯಲ್ಲಿರುವ ಒಳ್ಳೆಯ ಔಷಧವನ್ನು ಬಳಸದೆ ಇರುವ ಧೈರ್ಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಪಶುವೈದ್ಯದಲ್ಲಿ ಸಿಗಲಾರದು.

ಅಷ್ಟರಲ್ಲಿ ಹಟ್ಟಿ ಬದಲಾಗಿತ್ತು. ರಾಣಿಪೇಟೆಯ ಸಂಸ್ಥೆ ಹುಟ್ಟಿದ ವರ್ಷವೇ ಪೈಕಾರಾದ ವಿದ್ಯುತ್ತೂ ಹರಿಯತೊಡಗಿತು. ಬಾವಿಗೆ ಮೋಟಾರು ಬಂದಂತೆ ಕಪಿಲೆಯ ಎತ್ತಿಗೆ ಕೆಲಸ ತಪ್ಪಿತು, ಹಾಲಿನ ಮಿಶ್ರತಳಿ ಹಸು ಆ ಜಾಗಕ್ಕೆ ಬಂತು. ಹೆಚ್ಚು ಹಾಲು ಅಂದರೆ ಹೆಚ್ಚು ಕೆಚ್ಚಲು ಬಾವು, ಹೆಚ್ಚು ಜ್ವರ, ಹೆಚ್ಚು ಇಂಜೆಕ್ಷನ್. ಸರ್ಕಾರದ ಕೈಯಲ್ಲಿದ್ದ ಸೂಜಿ ಅಂಗಡಿಯ ಶೆಲ್ಫಿಗೆ ಇಳಿಯಿತು. 1990ರ ದಶಕದಲ್ಲಿ ಡೈಕ್ಲೊಫೆನಾಕ್ ಎಂಬ ಅಗ್ಗದ ನೋವುನಿವಾರಕ ದೇಶದ ಹಟ್ಟಿಗಳಿಗೆಲ್ಲ ನುಗ್ಗಿತು. ಹಸುವಿಗೆ ಅದರಿಂದ ಹಾನಿಯಿಲ್ಲ. ಔಷಧ ಪಡೆದು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಮಾತ್ರ ನಿಂತುಹೋಗುತ್ತಿತ್ತು. 2004ರಲ್ಲಿ ಕಾರಣ ಪತ್ತೆಯಾಯಿತು, 2006ರಲ್ಲಿ ಭಾರತ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಷ್ಟು ಉಳಿದವು. ಕೊಯಮತ್ತೂರಿಗೆ ಇದು ದೂರದ ಕಥೆಯಲ್ಲ. ದಕ್ಷಿಣದಲ್ಲಿ ಅವು ಉಳಿದುಕೊಂಡ ಮುಖ್ಯ ತಾಣ ನೀಲಗಿರಿಯ ಬುಡದ ಮೋಯಾರ್ ಕಣಿವೆ. ಆ ಕಾರಣಕ್ಕೇ ತಮಿಳುನಾಡು ಸರ್ಕಾರ ನೀಲಗಿರಿ, ಈರೋಡ್, ಕೊಯಮತ್ತೂರು ಜಿಲ್ಲೆಗಳಲ್ಲಿ ಕೀಟೊಪ್ರೊಫೆನ್ನನ್ನೂ ಪಶುಚಿಕಿತ್ಸೆಯಿಂದ ಮೊದಲೇ ದೂರವಿಟ್ಟಿತು. ದೇಶ ಅದನ್ನು ನಿಷೇಧಿಸಿದ್ದು 2023ರಲ್ಲಿ. ಡೈಕ್ಲೊಫೆನಾಕ್ ನಿಷೇಧದ ನಂತರವೂ ಮನುಷ್ಯರ ಹೆಸರಿನ ಅದರ ದೊಡ್ಡ ಸೀಸೆಗಳು ಹಟ್ಟಿಗೆ ಹೋಗುತ್ತಲೇ ಇದ್ದವು. 2015ರಲ್ಲಿ ಸೀಸೆಯನ್ನು 3 ಮಿ.ಲೀ.ಗೆ ಇಳಿಸಿ ಆ ದಾರಿ ಮುಚ್ಚಲಾಯಿತು. ಕಂಪನಿಗಳ ತಕರಾರನ್ನು 2017ರಲ್ಲಿ ಮದ್ರಾಸ್ ಹೈಕೋರ್ಟ್ ತಳ್ಳಿಹಾಕಿತು.

ಆ್ಯಂಟಿಬಯಾಟಿಕ್ಕಿನ ವಿಷಯದಲ್ಲಿ ಇಂಥ ಸುಲಭದ ಉಪಾಯ ಇಲ್ಲ, ಏಕೆಂದರೆ ಅದು ಬೇಕೇ ಬೇಕಾದ ಔಷಧ. ಅಲ್ಲಿ ನಿಯಮ ದಿನಗಳನ್ನು ಎಣಿಸುತ್ತದೆ. 2012ರ ತಿದ್ದುಪಡಿಯ ಪ್ರಕಾರ ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂದು ಸೀಸೆಯ ಮೇಲೆ ಬರೆಯಬೇಕು. ನಿರ್ದಿಷ್ಟ ಅವಧಿ ಗೊತ್ತಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಈ ನಿಯಮ ಒಂದೇ ಯಜಮಾನನ ಹಟ್ಟಿಯಲ್ಲಿ ನಿಂತ ಹಸುವನ್ನು ಕಲ್ಪಿಸಿಕೊಂಡು ಬರೆದದ್ದು. ವಾಸಿಯಾಗದ ಹಸುವನ್ನೇ ಸಂತೆಗೆ ಹೊಡೆಯುತ್ತಾರೆ. ಅಂದರೆ ಔಷಧ ತಿಂದ ದನಗಳೇ ಬೇಗ ಕೈ ಬದಲಿಸುತ್ತವೆ. ಸೀಸೆ ಮಾರಿದವನ ಮನೆಯಲ್ಲಿ, ಹಸು ಗಡಿಯಾಚೆ. 28 ದಿನವನ್ನು ಎಣಿಸುವವರು ಯಾರು? ಮೀನಾಕ್ಷಿಪುರದಲ್ಲಿ ಕೇರಳದ ಹೈನು ಇಲಾಖೆ ಗಡಿ ದಾಟುವ ಹಾಲನ್ನು ಪರೀಕ್ಷಿಸುತ್ತದೆ. ದನಕ್ಕೆ ಬಿದ್ದ ಔಷಧವನ್ನು ಅದೇ ಗಡಿಯಲ್ಲಿ ಕಣ್ಣಳತೆಯಿಂದ ಕಂಡುಹಿಡಿಯಲಾಗದು.

ಇದೆಲ್ಲ ಅತಿಯಾದ ಭಯ ಎನ್ನುವವರ ಕೈಯಲ್ಲಿ ಒಂದು ಅಂಕಿ ಇದೆ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳಲ್ಲಿ ಮಿತಿಮೀರಿ ಆ್ಯಂಟಿಬಯಾಟಿಕ್ ಸಿಕ್ಕಿದ್ದು 77ರಲ್ಲಿ. ತಮಿಳುನಾಡಿನ ಹಾಲಿನ ದೊಡ್ಡ ಸಮಸ್ಯೆ ಮೇವಿನ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂದೂ ಅದೇ ಸಮೀಕ್ಷೆ ತೋರಿಸಿತು, ಇದನ್ನು ಒಪ್ಪಲೇಬೇಕು. ಆದರೆ ರಣಹದ್ದುಗಳ ಕುಸಿತಕ್ಕೆ ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಔಷಧವಿದ್ದರೂ ಸಾಕು ಎಂಬ ಲೆಕ್ಕವನ್ನೂ ಮರೆಯಬಾರದು. ಸಣ್ಣ ಶೇಕಡಾವಾರು ಸಣ್ಣ ಪರಿಣಾಮಕ್ಕೆ ಖಾತರಿಯಲ್ಲ. ಅಲ್ಲದೆ ಸಮೀಕ್ಷೆ ಅಳೆದದ್ದು ಹಾಲನ್ನು. ಔಷಧಕ್ಕೆ ಬಗ್ಗದ ರೋಗಾಣು ಹಟ್ಟಿಯ ಗೊಬ್ಬರದಲ್ಲೂ ಬೆಳೆಯುತ್ತದೆ. ಹಿಂದಿನ ನಾಟಿ ಔಷಧಕ್ಕೇ ಮರಳೋಣ ಎನ್ನುವವರ ಮಾತಿನಲ್ಲಿ ಅರ್ಧ ಹುರುಳಿದೆ. ತಂಜಾವೂರಿನ ಪಶುವೈದ್ಯ ಎನ್. ಪುಣ್ಯಮೂರ್ತಿ ಪ್ರಚಾರಕ್ಕೆ ತಂದ, 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣದ ಲೇಪ ಕೆಚ್ಚಲು ಬಾವಿಗೆ ಇಂದು ಹಾಲಿನ ಸಹಕಾರ ಸಂಘಗಳ ಮೂಲಕವೇ ಹರಡುತ್ತಿದೆ. ಆ್ಯಂಟಿಬಯಾಟಿಕ್ ಕಡಿಮೆಯಾದಷ್ಟೂ ಲಾಭವೇ. ಆದರೂ ದೊಡ್ಡರೋಗವನ್ನು ಗೆದ್ದದ್ದು ಲೇಪವಲ್ಲ, ಕಾಲುಬಾಯಿ ರೋಗವನ್ನು ಅದು ತಡೆಯುವುದೂ ಇಲ್ಲ.

2019ರಿಂದ ಕಾಲುಬಾಯಿ ಲಸಿಕೆಯ ಜೊತೆಗೆ ದನಗಳ ಕಿವಿಗೆ 12 ಅಂಕಿಯ ಓಲೆ ಬಿದ್ದಿದೆ. ದೊಡ್ಡರೋಗದ ಕಾಲದ ಗಡಿಠಾಣೆ ಮಾಡುತ್ತಿದ್ದ ಕೆಲಸವನ್ನು ಇದು ಮಾಡಬಲ್ಲದು, ಲಸಿಕೆಯ ಜೊತೆ ಔಷಧವೂ ಅದೇ ಸಂಖ್ಯೆಯಡಿ ದಾಖಲಾದರೆ. ಬಲವಾದ ಆಕ್ಷೇಪ ಇಲ್ಲಿಯೇ ಇದೆ: ಔಷಧ ಬಿದ್ದಿದೆ ಎಂದು ಓಲೆ ಹೇಳಿದರೆ ದರ ಇಳಿಯುತ್ತದೆ, 28 ದಿನ ಕಾಯ್ದರೆ ಮೇವಿನ ಖರ್ಚು ಏರುತ್ತದೆ, ಬಡವ ಮುಚ್ಚಿಡುತ್ತಾನೆ. ನಿಜ. ರೈತನೊಬ್ಬನ ಮೇಲೆಯೇ ಹೊಣೆ ಹೊರಿಸಿದ ಯಾವ ನಿಯಮವೂ ಇದನ್ನು ದಾಟಲಾರದು. ದೊಡ್ಡರೋಗದ ಲಸಿಕೆಯ ವೆಚ್ಚವನ್ನು ಸರ್ಕಾರ ಹೊತ್ತಿತ್ತು. ಈಗಿನ ಕಾಯುವಿಕೆಯ ವೆಚ್ಚದಲ್ಲಿ ಕೊಳ್ಳುವ ಕೇರಳಕ್ಕೂ ಮಾರುವ ತಮಿಳುನಾಡಿಗೂ ಪಾಲಿದೆ. ದಾಖಲೆಯಿರುವ ದನಕ್ಕೆ ಸಂತೆಯಲ್ಲಿ ಹೆಚ್ಚು ದರ ಸಿಗುವಂತೆ ಗಡಿಯಾಚೆಯ ಖರೀದಿದಾರ ಮೊದಲು ಆ ದಾಖಲೆಯನ್ನು ಕೇಳತೊಡಗಬೇಕು.